ಗಡಿಕಂಬದ ಕೆಳಗಿನ ಇದ್ದಿಲು

ದೋಹಾದ ಐನ್ ಖಾಲಿದ್‌ನಲ್ಲಿ ನಮ್ಮ ಪಕ್ಕದ ಮನೆಯವರು ಚಳಿಗಾಲದ ಶುಕ್ರವಾರಗಳಲ್ಲಿ ಅಂಗಳದಲ್ಲಿ ಕೋಳಿ ಸುಡುತ್ತಾರೆ. ಒಳ್ಳೆಯ ಜನ, ನಮಗೂ ಒಂದು ತಟ್ಟೆ ಕಳಿಸುತ್ತಾರೆ. ಭಾವನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮುಗಿಸಿ ನಾನು ಊರಿನಿಂದ ವಾಪಸು ಬಂದ ವಾರ ಆ ಇದ್ದಿಲಿನ ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಎದ್ದು ಹೋಗಿ ಕಿಟಕಿ ಮುಚ್ಚಿದೆ. "ಎಂತ ಆಯ್ತು?" ಎಂದಳು ಹೆಂಡತಿ. ತಲೆನೋವು ಎಂದೆ. ಸುಳ್ಳು ಹೇಳುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಒಂದೆರಡು ಪದಗಳಲ್ಲಿ ಮುಗಿಸುತ್ತೇನೆ.

ವಿಶ್ವನಾಥ ಭಾವ ನನ್ನ ಅಕ್ಕನ ಗಂಡ. ಸರ್ವೇಯರ್ ಆಗಿದ್ದವರು. ಬೊಜ್ಜದ ದಿನ ಚಪ್ಪರದ ಕೆಳಗೆ ಕೈತೊಳೆಯಲು ನಿಂತಿದ್ದಾಗ ಹಿಂದೆ ಯಾರೋ ಮಾತಾಡುವುದು ಕೇಳಿಸಿತು. "ಪಾಪದ ಮನುಷ್ಯ. ಕತಾರಿನಲ್ಲಿ ಎಂತದೋ ಅಳತೆ ತಪ್ಪಿ ಓಡಿಸಿದ್ರಂತೆ." ಅಕ್ಕ ಅಲ್ಲೇ ಬಾಳೆ ಎಲೆ ಎಣಿಸುತ್ತಿದ್ದಳು. ತಲೆ ಎತ್ತದೆ, "ಹೌದು, ತಪ್ಪಿತ್ತು. ಅವರೇ ಹೇಳ್ತಿದ್ರು" ಎಂದಳು. ನಾನು ಕೈ ತೊಳೆದುಕೊಂಡೆ. ಎರಡು ಸಲ ತೊಳೆದೆ.

ಭಾವನ ಅಳತೆ ತಪ್ಪಿರಲಿಲ್ಲ. ಅದು ಗೊತ್ತಿರುವವರಲ್ಲಿ ಊರಿಗೆ ಹೋಗಿ ಬರುತ್ತಿರುವವನು ನಾನೊಬ್ಬನೇ.

ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ ಅದು. ಎಲ್ಲಿ ನೋಡಿದರೂ ರಸ್ತೆ, ಸೇತುವೆ, ಗೋಪುರ. ಎಲ್ಲದಕ್ಕೂ ಜಲ್ಲಿ ಬೇಕು. ನಮ್ಮ ಕಂಪನಿಗೆ ದುಖಾನ್ ರಸ್ತೆಯಲ್ಲಿ ಒಂದು ಗಂಟೆ ಹೋಗಿ ಒಳಗೆ ತಿರುಗಿದರೆ ಸಿಗುವ ಒಂದು ಸುಣ್ಣಕಲ್ಲಿನ ಕ್ವಾರಿ ಇತ್ತು. ಆಫೀಸು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಭಾವ ಅಲ್ಲಿ ಆರು ವರ್ಷದಿಂದ ಸರ್ವೇಯರ್. ಐಟಿಐ ಮಾಡಿ ಮೂಡುಬಿದಿರೆಯಲ್ಲಿ ಮನೆಗಳ ಪ್ಲಾನ್ ಬರೆದುಕೊಂಡಿದ್ದ ನನ್ನನ್ನು ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಕರೆಸಿಕೊಂಡವರೂ ಅವರೇ. ಬಿನ್ ಮಹಮೂದ್ ಬಡಾವಣೆಯ ಒಂದು ಹಳೇ ಕಟ್ಟಡದಲ್ಲಿ ನಮಗಿಬ್ಬರಿಗೂ ಒಂದೇ ರೂಮು. ಬೆಳಿಗ್ಗೆ ಚಹಾ ಅವರು ಮಾಡುತ್ತಿದ್ದರು. ನಾನು ಏಳುತ್ತಿದ್ದುದೇ ಲೋಟ ಕೈಗೆ ಬಂದ ಮೇಲೆ.

ಮ್ಯಾನೇಜರ್ ಪ್ರಭಾಕರ ಸಾರ್, ಮಂಗಳೂರಿನ ಕಡೆಯವರೇ. ನಮ್ಮವರ ಸಂಘದ ಅಧ್ಯಕ್ಷರು ಬೇರೆ. ಕ್ವಾರಿಗೆ ಬಂದರೆ ಲ್ಯಾಂಡ್ ಕ್ರೂಸರ್‌ನಿಂದ ಇಳಿಯುತ್ತಿರಲಿಲ್ಲ. ಕಿಟಕಿಯ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ, ಆ ಸಂದಿಯಿಂದಲೇ ಇಡೀ ಕಲ್ಲುಗಣಿಯನ್ನು ನಡೆಸುತ್ತಿದ್ದರು. ಧೂಳು ಅವರಿಗೆ ಆಗುವುದಿಲ್ಲವಂತೆ. ಮುನ್ನೂರು ಜನ ದಿನವಿಡೀ ಉಸಿರಾಡುತ್ತಿದ್ದುದು ಅದನ್ನೇ.

ಕ್ವಾರಿಯನ್ನು ಇನ್ನಷ್ಟು ವಿಸ್ತರಿಸಲು ಸರ್ಕಾರದ ಅನುಮತಿ ಬೇಕಿತ್ತು. ಅದಕ್ಕೆ ಮೂರು ನಕ್ಷೆ. ಒಂದರಲ್ಲಿ ಡಂಪರ್‌ಗಳು ಹೋಗಿ ಬರುವ ದಾರಿ, ಒಂದರಲ್ಲಿ ಗಡಿ. ಮೂರನೆಯದರಲ್ಲಿ, ಕಲ್ಲು ತೆಗೆದು ಮುಗಿದ ಮೇಲೆ ಆ ಗುಂಡಿಯನ್ನು ಹೇಗೆ ಮುಚ್ಚಿ ನೆಲವನ್ನು ಮತ್ತೆ ನೆಲ ಮಾಡುತ್ತೇವೆ ಎಂಬುದು. ಅಳೆಯುವುದು ಭಾವನ ಕೆಲಸ, ಬರೆಯುವುದು ನನ್ನದು.

ಕ್ವಾರಿಯ ಪಡುವಣಕ್ಕೆ ಒಂದು ರೌದಾ ಇತ್ತು. ರೌದಾ ಎಂದರೆ ಮರುಭೂಮಿಯ ತಗ್ಗು ಜಾಗ. ಎಂದೋ ಒಮ್ಮೆ ಮಳೆ ಬಂದರೆ ಸುತ್ತಲಿನ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ, ಹಿಟ್ಟಿನಂಥ ಮಣ್ಣನ್ನು ಬಿಟ್ಟು ಇಂಗುತ್ತದೆ. ಬೇರೆಡೆ ಬರೀ ಕಲ್ಲು ಇದ್ದರೆ ಅಲ್ಲಿ ಹುಲ್ಲು, ನಾಲ್ಕಾರು ಬೋರೆ ಮರ, ಚಳಿಗಾಲದಲ್ಲಿ ಒಂಟೆಗಳು. ಅದನ್ನು ಸುತ್ತುಬಳಸಿ ಹೋದರೆ ದಾರಿ ನಾಲ್ಕು ಕಿಲೋಮೀಟರ್ ಜಾಸ್ತಿ. ಭಾವ ಆ ಸುತ್ತುದಾರಿಯನ್ನೇ ಗುರುತು ಮಾಡಿದರು. ರೌದಾವನ್ನು ಮುಟ್ಟಬಾರದೆಂಬ ನಿಯಮದಂತೆ ಗಡಿಯನ್ನೂ ಅದರಿಂದ ಹಿಂದೆ ಎಳೆದರು.

ಏಪ್ರಿಲ್‌ನಲ್ಲಿ ಕಂಬ ಹಾಕಿದೆವು. ಹದಿನಾಲ್ಕು ಕಬ್ಬಿಣದ ಕೊಳವೆಗಳು, ಕೆಂಪು ಬಿಳಿ ಬಣ್ಣ, ಬುಡಕ್ಕೆ ಕಾಂಕ್ರೀಟ್. ಏಳರಿಂದ ಹನ್ನೊಂದರವರೆಗಿನವು ರೌದಾದ ಕಡೆಗೆ. ಪಿಕಪ್ ಓಡಿಸುತ್ತಿದ್ದವರು ಉಳ್ಳಾಲದ ಹಮೀದಾಕ. ಪ್ರತಿ ಗುಂಡಿಗೂ ಕಾಂಕ್ರೀಟ್ ಸುರಿಯುವ ಮೊದಲು ಭಾವ ಇನ್ನೂ ಒಂದು ಗೇಣು ಆಳಕ್ಕೆ ಅಗೆದು, ಚೀಲದಿಂದ ಎರಡು ಹಿಡಿ ಇದ್ದಿಲು ತೆಗೆದು ತಳಕ್ಕೆ ಹಾಕಿ, ಮಣ್ಣು ಎಳೆದು ತುಳಿಯುತ್ತಿದ್ದರು.

"ವಿಶ್ವಣ್ಣ, ಇದ್ದಿಲು ಆಯ್ತು. ಕೋಳಿ ಎಲ್ಲಿ?" ಎಂದರು ಹಮೀದಾಕ.

"ಕೋಳಿ ಬರ್ತದೆ ಹಮೀದಾಕ. ಬಿಳಿ ಲ್ಯಾಂಡ್ ಕ್ರೂಸರ್‌ನಲ್ಲಿ."

"ಅದು ಬೇಯುವ ಜಾತಿ ಅಲ್ಲ ಮಾರಾಯ್ರೆ. ಹಳೇ ಹುಂಜ."

ಭಾವನ ಅಪ್ಪ ಕಾರ್ಕಳದಲ್ಲಿ ತಾಲೂಕು ಕಚೇರಿಯ ಸರ್ವೇಯರ್ ಹಿಂದೆ ಅಳತೆಯ ಸರಪಳಿ ಹೊತ್ತು ನಡೆದವರು. ಗಡಿಕಲ್ಲಿನ ಕೆಳಗೆ ಇದ್ದಿಲು ಹಾಕುವುದು ಅಲ್ಲಿಂದ ಬಂದ ಪಾಠ. "ಕಲ್ಲನ್ನು ಯಾರಾದರೂ ಕಿತ್ತು ಆಚೆ ನೆಡಬಹುದು" ಎಂದು ಭಾವ ನನಗೆ ವಿವರಿಸಿದರು. "ಇದ್ದಿಲು ಕೊಳೆಯುದಿಲ್ಲ, ಗೆದ್ದಲು ತಿನ್ನುದಿಲ್ಲ. ಯಾರಿಗೂ ಬೇಡದ ವಸ್ತು, ಹಾಗೆ ಯಾರೂ ಕದಿಯುದಿಲ್ಲ. ಅಗೆದು ನೋಡಿದ್ರೆ ನಿಜ ಎಲ್ಲಿತ್ತು ಅಂತ ಗೊತ್ತಾಗ್ತದೆ."

"ಉಪಗ್ರಹ ನೋಡಿ ಅಳೆಯುವ ಕಾಲದಲ್ಲಿ ಇದೆಂತ ಭಾವ?" ಎಂದು ನಾನು ನಕ್ಕೆ.

"ಉಪಗ್ರಹ ಮೇಲಿಂದ ನೋಡ್ತದೆ ಮಾರಾಯ. ಮನುಷ್ಯ ಕೆಳಗಿಂದ ಕೀಳ್ತಾನೆ."

ಬೇಸಿಗೆಯಿಡೀ ನಾನು ಏಸಿಯ ಕೆಳಗೆ ಕೂತು ನಕ್ಷೆ ಬರೆದೆ. ಹೊರಗೆ ಭಾವನ ಅಂಗಿಯ ಬೆನ್ನಿನಲ್ಲಿ ಬೆವರು ಒಣಗಿ ಉಪ್ಪಿನ ಗೆರೆ ಮೂಡುತ್ತಿತ್ತು. ಮೂರನೆಯ ಹಾಳೆಗೆ ಬೇಕಾದ ಟಿಪ್ಪಣಿಗಳನ್ನು ಅವರು ತಮ್ಮ ಗುಂಡು ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಬೇಕು, ಕಡಿದಾದ ಗೋಡೆಗಳನ್ನು ಇಳಿಜಾರು ಮಾಡಬೇಕು, ಮೊದಲು ದೊಡ್ಡ ಕಲ್ಲು, ಮೇಲೆ ಪುಡಿ, ಕೊನೆಗೆ ಅದೇ ಮೇಲ್ಮಣ್ಣು. ಹೀಗೆ ಒಂದು ಪುಟ. ಪ್ರಭಾಕರ ಸಾರ್ ಹಾಳೆ ನೋಡಿ ಮುಖ ಸಿಂಡರಿಸಿದರು.

"ದಿನೇಶ್, ಈ ನೋಟ್ಸ್ ಎಲ್ಲ ಯಾರು ಓದ್ತಾರೆ? ತೆಗೀರಿ. ಗ್ರೀನ್ ಹಾಕಿ, ಗ್ರೀನ್. ಅವರಿಗೆ ನೋಡಿದ ಕೂಡ್ಲೇ ಖುಷಿ ಆಗ್ಬೇಕು."

ಮರುಭೂಮಿಯ ಮರದ ಚಿತ್ರ ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಯಾವುದೋ ಶ್ರೀಮಂತರ ವಿಲ್ಲಾದ ತೋಟದ ನಕ್ಷೆ ಇತ್ತು, ಅದನ್ನೇ ಎತ್ತಿ ಕ್ವಾರಿಯ ಗುಂಡಿಯ ಮೇಲೆ ಅಂಟಿಸಿದೆ. ಅರವತ್ತು ಮೀಟರ್ ಆಳದ ಕಲ್ಲಿನ ಗುಂಡಿಯಲ್ಲಿ ಹುಲ್ಲುಹಾಸು, ತೆಂಗಿನ ಸಾಲು, ನಡೆದಾಡಲು ಹಾದಿ. ಭಾವ ಕನ್ನಡಕ ಏರಿಸಿಕೊಂಡು ನೋಡಿದರು.

"ಇದೆಂತ ದಿನೇಶ, ನಡುವಲ್ಲಿ ಉರುಟಿಗೆ?"

"ಕಾರಂಜಿ ಭಾವ. ಅಳಿಸ್ಲಿಕ್ಕೆ ಮರೆತೆ."

"ಇರ್ಲಿ ಬಿಡು. ಸುಳ್ಳು ಹೇಳುದೇ ಆದ್ರೆ ನೀರಿನ ವ್ಯವಸ್ಥೆ ಇರುವ ಸುಳ್ಳೇ ಇರ್ಲಿ."

ಇಬ್ಬರೂ ನಕ್ಕೆವು. ಆ ನಗೆ ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆ. ಅವರು ನಕ್ಕದ್ದು ನಕ್ಷೆಗೆ. ನಾನು ನಕ್ಕದ್ದು ಇದೆಲ್ಲ ಇಷ್ಟೇ ಎಂಬ ನೆಮ್ಮದಿಗೆ.

ಅಕ್ಟೋಬರ್‌ನಲ್ಲಿ ಈದ್ ರಜೆ ಬಂತು. ಹಮೀದಾಕನ ಕೋಣೆಯಲ್ಲಿ ಬಿರಿಯಾನಿ ತಿಂದು, ನಿದ್ದೆ ಮಾಡಿ, ನಾಲ್ಕನೇ ದಿನ ಕ್ವಾರಿಗೆ ಹೋದರೆ ಏಳರಿಂದ ಹನ್ನೊಂದರ ಕಂಬಗಳು ಮೊದಲಿದ್ದಲ್ಲಿ ಇರಲಿಲ್ಲ. ರೌದಾದ ಆಚೆ ಅಂಚಿನಲ್ಲಿ, ಹೊಸ ಕಾಂಕ್ರೀಟಿನಲ್ಲಿ ನಿಂತಿದ್ದವು. ನಡುವೆ ನೆಲ ಸಮ ಮಾಡುವ ಗ್ರೇಡರ್ ಓಡಾಡಿ ರೌದಾವನ್ನು ಸೀಳಿಕೊಂಡು ನೇರ ದಾರಿ ಆಗಿತ್ತು. ಬೋರೆ ಮರಗಳಲ್ಲಿ ಎರಡು ಅಡ್ಡ ಬಿದ್ದಿದ್ದವು. ಭಾವ ಬೈಯಲಿಲ್ಲ. ಆ ದಾರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಿಂದ ಬಿಟ್ಟರು. ಹಮೀದಾಕ ಮಾತ್ರ ಅರೇಬಿಕ್, ಮಲಯಾಳ, ಬ್ಯಾರಿ ಮೂರರಲ್ಲೂ ಬೈದರು. ಮೂರರಲ್ಲೂ ಚೆನ್ನಾಗಿ ಬೈಯುತ್ತಿದ್ದರು.

ಭಾವ ಆಫೀಸಿಗೆ ಹೋಗಿ ಕೇಳಿದಾಗ ಪ್ರಭಾಕರ ಸಾರ್, "ಸೈಟ್ ಅಡ್ಜಸ್ಟ್‌ಮೆಂಟ್" ಎಂದರಂತೆ. "ಒಂಟೆಗೆ ಹುಲ್ಲು ಬೇಕಾದ್ರೆ ಬೇರೆ ಕಡೆ ಸಿಗ್ತದೆ ವಿಶ್ವನಾಥ್. ನೀವು ಎಮೋಷನಲ್ ಆಗ್ಬೇಡಿ."

ಅದೇ ವಾರದ ಕೊನೆಯಲ್ಲಿ ಸಂಘದ ರಾಜ್ಯೋತ್ಸವ. ಪ್ರಭಾಕರ ಸಾರ್ ಹಳದಿ ಕೆಂಪು ಶಾಲು ಹೊದ್ದು ತಾಯ್ನೆಲ, ಹಸಿರು, ಮಣ್ಣಿನ ಋಣ ಎಂದು ಇಪ್ಪತ್ತು ನಿಮಿಷ ಮಾತಾಡಿದರು. ಕಣ್ಣಿನ ಅಂಚು ಒರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಭಾವ ಬಂದಿರಲಿಲ್ಲ. ಅವರು ರೂಮಿನಲ್ಲಿ ಅಕ್ಕನಿಗೆ ಪತ್ರ ಬರೆಯುತ್ತಿದ್ದರು.

ಮರುದಿನ ಸಾರ್ ನನ್ನನ್ನು ಕ್ಯಾಬಿನಿಗೆ ಕರೆದರು.

"ವೈಫ್, ಮಗುವಿನ ವೀಸಾ ಎಲ್ಲಿಗೆ ಬಂತು ದಿನೇಶ್?"

"ಕಂಪನಿ ಲೆಟರಿಗೆ ನಿಮ್ಮ ಸೈನ್ ಒಂದು ಬಾಕಿ ಸಾರ್."

"ಹಾಕುವಾ, ಹಾಕುವಾ. ಅದಕ್ಕೆ ಮೊದ್ಲು ಈ ಬೌಂಡರಿ ಶೀಟ್ ಒಂದು ಕರೆಕ್ಟ್ ಮಾಡ್ಬೇಕಲ್ಲ. ಸೈಟಲ್ಲಿ ಕಂಬ ಇರುವಲ್ಲೇ ಡ್ರಾಯಿಂಗಲ್ಲೂ ಇರ್ಬೇಕು."

"ಅದು ಭಾವ ಅಳೆದದ್ದು ಬೇರೆ ಸಾರ್..."

"ವಿಶ್ವನಾಥ್‌ಗೆ ವಯಸ್ಸಾಯ್ತು. ಶುರುವಿಗೇ ಪಾಯಿಂಟ್ ತಪ್ಪಿ ಹಿಡಿದಿದ್ದಾರೆ. ಹ್ಯೂಮನ್ ಎರರ್, ನಾಳೆ ನಮಗೂ ಆಗ್ತದೆ. ತಾರೀಕು ಏಪ್ರಿಲ್‌ದೇ ಇರ್ಲಿ. ಮತ್ತೆ ಅವರ ಫೀಲ್ಡ್ ಬುಕ್ ಒಂದು ತಂದುಕೊಡಿ, ನಾನು ಚೆಕ್ ಮಾಡ್ತೇನೆ."

ನಾನು ಬೆದರಿಕೆಗೆ ಒಳಗಾದೆ ಎಂದು ಬರೆದರೆ ಓದುವವರಿಗೆ ಕನಿಕರ ಬರಬಹುದು. ಬೆದರಿಕೆ ಇರಲಿಲ್ಲ. ಸಹಿಯಾಗದ ಒಂದು ಕಾಗದ ಇತ್ತು, ಅಷ್ಟೇ. ನಕ್ಷೆ ಇನ್ನೂ ಸರ್ಕಾರಕ್ಕೆ ಹೋಗಿರಲಿಲ್ಲ. ಏಳನೆಯ ಕಂಬದಿಂದ ಹನ್ನೊಂದನೆಯದರವರೆಗಿನ, ಜಾಗ ತೋರಿಸುವ ಅಂಕಿಗಳನ್ನು ಅಳಿಸಿ ಹೊಸ ಅಂಕಿ ಹಾಕಲು ನನಗೆ ಅರ್ಧ ಗಂಟೆ ಸಾಕಾಯಿತು. ಕೆಳಗೆ ಅಳೆದವರ ಹೆಸರು ಭಾವನದು, ಬರೆದವರ ಹೆಸರು ನನ್ನದು. ಭಾವ ಸ್ಥಳದಲ್ಲೇ ಅಳತೆ ಬರೆದಿಟ್ಟಿದ್ದ ಫೀಲ್ಡ್ ಬುಕ್ಕನ್ನು ಕಪಾಟಿನಿಂದ ನಾನೇ ಒಯ್ದು ಕೊಟ್ಟೆ. ಆ ಪುಸ್ತಕವನ್ನು ಮತ್ತೆ ಯಾರೂ ನೋಡಲಿಲ್ಲ. ಎರಡು ದಿನದಲ್ಲಿ ವೀಸಾದ ಕಾಗದಕ್ಕೆ ಸಹಿ ಬಿತ್ತು. ಭಾವ ಸಂತೋಷಪಟ್ಟು ಲಾಡು ತಂದರು.

ಒಂಟೆಗಳ ಮಾಲಿಕರು ದೂರು ಕೊಟ್ಟಿದ್ದರು. ನವೆಂಬರ್ ಕೊನೆಗೆ ಸರ್ಕಾರದ ಕಡೆಯಿಂದ ಒಬ್ಬ ಸುಡಾನಿ ಎಂಜಿನಿಯರ್ ಬಂದರು. ಉದ್ದದ ಆಳು, ನಿಧಾನದ ಮಾತು. ಅವತ್ತು ಪ್ರಭಾಕರ ಸಾರ್ ಕಾರಿನಿಂದ ಇಳಿದರು. ಕ್ವಾರಿಯ ಮಣ್ಣು ಅವರ ಬೂಟನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಕ್ಷೆಯನ್ನು ಬಾನೆಟ್ಟಿನ ಮೇಲೆ ಹರಡಿ, ನಮ್ಮ ಸರ್ವೇಯರ್ ಏಪ್ರಿಲ್‌ನಲ್ಲೇ ಗಡಿಯನ್ನು ತಪ್ಪಾಗಿ ಹಾಕಿದ್ದಾರೆ, ನಾವು ಅವರನ್ನು ನಂಬಿ ಕಂಬ ಇದ್ದಲ್ಲಿಯವರೆಗೆ ಕೆಲಸ ಮಾಡಿದೆವು, ಕ್ಷಮಿಸಬೇಕು ಎಂದರು. ದನಿಯಲ್ಲಿ ಎಂಥ ವಿಷಾದ! ರಾಜ್ಯೋತ್ಸವದ ದಿನದ್ದೇ ದನಿ.

ಭಾವ ನಕ್ಷೆ ನೋಡಿದರು. ಅದರ ಕೆಳಗಿನ ನನ್ನ ಹೆಸರು ನೋಡಿದರು. ನನ್ನ ಮುಖ ನೋಡಲಿಲ್ಲ. "ಹಮೀದಾಕ, ಪಿಕ್ಕಾಸು ತನ್ನಿ" ಎಂದರು.

ಹೊಸ ಕಂಬದ ಬುಡ ಒಡೆದರು. ಕೆಳಗೆ ಏನಿಲ್ಲ, ಬರೀ ಮಣ್ಣು. ಆಮೇಲೆ ಹೆಜ್ಜೆ ಎಣಿಸುತ್ತ ಹಿಂದೆ ಬಂದು, ತಮ್ಮ ಉಪಕರಣ ಇಟ್ಟು ನೋಡಿ, ಖಾಲಿ ನೆಲದಲ್ಲಿ ಒಂದು ಜಾಗ ತೋರಿಸಿದರು. ಹಮೀದಾಕ ಅಗೆದರು. ಇದ್ದಿಲು. ಮುಂದಿನ ಜಾಗದಲ್ಲೂ ಇದ್ದಿಲು. ಐದು ಕಡೆ ಐದು ಕಪ್ಪು ಗುಪ್ಪೆಗಳು. ಎಂಜಿನಿಯರ್ ಬಗ್ಗಿ ಒಂದು ತುಂಡನ್ನು ಕೈಯಲ್ಲಿ ಹಿಡಿದು, ಇದೇನು ಎಂದರು. ಭಾವ ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ವಿವರಿಸಿದರು.

ಪ್ರಭಾಕರ ಸಾರ್ ನಕ್ಕರು. "ಸರ್, ಈ ದೇಶದಲ್ಲಿ ಚಳಿಗಾಲದಲ್ಲಿ ಎಲ್ಲರೂ ಮರುಭೂಮಿಗೆ ಬಂದು ಮಾಂಸ ಸುಡ್ತಾರೆ. ಎಲ್ಲಿ ಅಗೆದರೂ ಇದ್ದಿಲು ಸಿಗ್ತದೆ."

ಕಾರ್ಕಳದಲ್ಲಿ ಮೂರು ಅಡಿ ಕೆಳಗೆ ಸಿಕ್ಕ ಇದ್ದಿಲಿಗೆ ಊರ ಹತ್ತು ಮಂದಿ ತಲೆ ಬಾಗುತ್ತಾರೆ. ಇಲ್ಲಿ ಅದು ಯಾರದೋ ಊಟದ ಕಸ. ಭಾವ ಮಾಡಿದ ತಪ್ಪು ಅದೊಂದೇ. ಸಾಕ್ಷಿ ಎಲ್ಲಿದ್ದರೂ ಸಾಕ್ಷಿಯೇ ಎಂದುಕೊಂಡದ್ದು.

"ಐದು ಕಡೆಯಾ ಸರ್? ಒಂದೇ ಆಳದಲ್ಲಾ? ಒಂದೇ ಗೆರೆಯಲ್ಲಾ?" ಎಂದು ಕೇಳಿದರು ಭಾವ, ಮೆಲ್ಲಗೆ.

ಎಂಜಿನಿಯರ್ ತುಂಬ ಹೊತ್ತು ಆ ಗೆರೆಯನ್ನು ನೋಡಿದರು. ಅವರು ನಂಬಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಬರೆದುಕೊಳ್ಳಲು ಅವರಿಗೆ ಒಂದು ಬಾಯಿ ಬೇಕಿತ್ತು. ನನ್ನ ಕಡೆ ತಿರುಗಿದರು. ನಕ್ಷೆ ಬರೆದವನು ನೀನಾ? ಏಪ್ರಿಲ್‌ನಲ್ಲಿ ಮೊದಲು ಬರೆದದ್ದು ಇದೇ ನಕ್ಷೆಯಾ?

"ಯೆಸ್ ಸರ್" ಎಂದೆ.

ಪ್ರಭಾಕರ ಸಾರ್ ಬಾನೆಟ್ಟಿನ ಮೇಲಿನ ನಕ್ಷೆಯನ್ನು ಸುರುಳಿ ಸುತ್ತಿದರು. "ಯಲ್ಲಾ, ಖಲಾಸ್" ಎಂದರು. ಎಂಜಿನಿಯರ್ ಕೈಯ ಮಸಿಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. ಆ ದಾರಿ ನಿಲ್ಲಿಸಿ, ರೌದಾವನ್ನು ಮೊದಲಿನಂತೆ ಮಾಡಿ ಎಂದು ಬರೆದುಕೊಟ್ಟು ಹೋದರು. ಕಂಪನಿಗೆ ಅಷ್ಟೇ. ಮೊದಲಿನಂತೆ ಮಾಡುವ ಕೆಲಸಕ್ಕೂ ಒಂದು ನಕ್ಷೆ ಬೇಕಲ್ಲ, ಅದನ್ನೂ ನಾನೇ ಬರೆದೆ. ಹಸಿರು ಬಣ್ಣ ಕಂಪ್ಯೂಟರಿನಲ್ಲಿ ಧಾರಾಳ ಇತ್ತು.

ಎಲ್ಲರೂ ಹೊರಟ ಮೇಲೆ ಭಾವ ಐದೂ ಗುಂಡಿಗಳಿಗೆ ಇದ್ದಿಲನ್ನು ವಾಪಸು ಹಾಕಿ, ಮಣ್ಣು ಮುಚ್ಚಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಹಮೀದಾಕ ಪಿಕ್ಕಾಸನ್ನು ಪಿಕಪ್ಪಿನ ಹಿಂದಕ್ಕೆ ಎಸೆದು ನನ್ನ ಹತ್ತಿರ ಬಂದರು.

"ನೀನು ಎಲ್ಲ ಚಂದ ಬಿಡಿಸ್ತಿ ಮಾರಾಯ. ಮರ ಬಿಡಿಸ್ತಿ, ಕಾರಂಜಿ ಬಿಡಿಸ್ತಿ. ನಾಳೆ ಬೆಳಿಗ್ಗೆ ಒಂದು ಮುಖ ಬಿಡಿಸಿಕೊಂಡು ಬಾ. ಇದು ಸಾಲದು."

ಆಮೇಲೆ ಹಮೀದಾಕ ಊರಿಗೆ ಹೋಗುವವರೆಗೆ, ಅಂದರೆ ನಾಲ್ಕು ವರ್ಷ, ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಹೋದ ಮೇಲೆ ಹೆಚ್ಚು ಕಾಲ ಬದುಕಲೂ ಇಲ್ಲ.

ಡಿಸೆಂಬರ್ ಮೊದಲ ವಾರ ಮಳೆ ಸುರಿಯಿತು. ಕ್ರೀಡಾಕೂಟದ ಅತಿಥಿಗಳೆಲ್ಲ ನೆನೆದರು. ನಿಲ್ಲಿಸಬೇಕಾಗಿದ್ದ ದಾರಿಯಲ್ಲಿ ಇನ್ನೂ ಡಂಪರ್‌ಗಳು ಓಡುತ್ತಿದ್ದವು. ಸುತ್ತಲಿನ ನೀರು ತನ್ನ ಹಳೆಯ ಜಾಗಕ್ಕೆ ಬಂತು. ಮೂರು ಡಂಪರ್‌ಗಳು ಅಚ್ಚಿನವರೆಗೆ ಹೂತು ಒಂದು ವಾರ ಅಲ್ಲೇ ನಿಂತವು. ಪ್ರಭಾಕರ ಸಾರ್ ಕಿಟಕಿ ನಾಲ್ಕು ಬೆರಳು ಇಳಿಸಿ ಆ ನೀರನ್ನು ಬೈದರು.

ಭಾವನನ್ನು ಆ ತಿಂಗಳೇ ಕಳಿಸಿದರು. ರೂಮಿನಲ್ಲಿ ಅವರು ಬಟ್ಟೆ ಮಡಚುತ್ತಿದ್ದಾಗ ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿದರು. "ಮಗುವಿಗೆ ಇಲ್ಲಿಯ ಚಳಿ ಆಗುದಿಲ್ಲ. ಟೊಪ್ಪಿ ತೆಗೆದಿಡು" ಎಂದರು. ಅಷ್ಟೇ.

ಊರಿನಲ್ಲಿ ಅಳತೆ ತಪ್ಪಿ ಬಂದವರು ಎಂಬ ಮಾತು ಅವರಿಗಿಂತ ಮೊದಲೇ ಬಂದಿತ್ತು. ಜಾಗ ಅಳೆಯಲು ಯಾರೂ ಕರೆಯಲಿಲ್ಲ. ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವ ಕೆಲಸ ಸಿಕ್ಕಿತು. ಹದಿನೈದು ವರ್ಷ ಬೆಳಿಗ್ಗೆ ಸಂಜೆ ಹಾಲು ಅಳೆದರು. ನಾನು ರಜೆಯಲ್ಲಿ ಹೋದಾಗಲೆಲ್ಲ ಚಹಾ ಮಾಡಿಕೊಟ್ಟರು. ನಾನು ಕುಡಿದೆ.

ಬೊಜ್ಜ ಮುಗಿಸಿ ಬಂದ ಮೇಲಿನ ಎರಡನೇ ಶುಕ್ರವಾರ ಕ್ವಾರಿಗೆ ಹೋದೆ. ಅದು ಮುಚ್ಚಿ ಎಷ್ಟೋ ಕಾಲವಾಗಿದೆ. ನಾನು ತೆಂಗು ನೆಟ್ಟಲ್ಲಿ ಟಯರುಗಳ ರಾಶಿ. ಹುಲ್ಲುಹಾಸಿನ ಜಾಗದಲ್ಲಿ ಒಡೆದ ಕಟ್ಟಡಗಳ ಕಾಂಕ್ರೀಟ್. ಕಾರಂಜಿಯ ಜಾಗದಲ್ಲಿ ಪಾಚಿಗಟ್ಟಿದ ನೀರು, ಅದರಲ್ಲಿ ತೇಲುವ ಡಬ್ಬಿಗಳು. ಆದರೆ ರೌದಾದಲ್ಲಿ ಆ ದಾರಿ ಇಲ್ಲ. ಪ್ರತಿ ಮಳೆಯೂ ಒಂದಿಷ್ಟು ಮಣ್ಣು ತಂದು ಅದನ್ನು ಹೂತುಹಾಕಿದೆ, ಮೇಲೆ ಹುಲ್ಲು. ಯಾವ ನಕ್ಷೆಯನ್ನೂ ನೋಡದೆ ಮಾಡಿದ ಕೆಲಸ.

ನಾನು ಅಳಿಸಿದ ಅಂಕಿಗಳು ನನಗೆ ಬಾಯಿಪಾಠ. ಫೋನು ಹಿಡಿದು ಒಂಬತ್ತನೆಯ ಕಂಬದ ಜಾಗ ಹುಡುಕಿದೆ. ಫೋನು ನಾಲ್ಕಾರು ಮೀಟರ್ ಆಚೀಚೆ ತೋರಿಸುತ್ತದೆ. ಮೂರು ಕಡೆ ಅಗೆದೆ. ಮೂರನೆಯದರಲ್ಲಿ ಇದ್ದಿಲು ಇತ್ತು, ನಿನ್ನೆ ಹಾಕಿದ ಹಾಗೆ. ಅಲ್ಲೇ ಕೂತು ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಹಾಗಾದ್ರೆ ಅವರ ಅಳತೆ ಸರಿ ಇತ್ತಾ?"

"ಸರಿ ಇತ್ತು ಅಕ್ಕ. ಒಂದು ಗೇಣೂ ತಪ್ಪಿರ್ಲಿಲ್ಲ."

"ಅವರು ನನ್ನತ್ರ, 'ತಪ್ಪು ನನ್ನದೇ, ದಿನೇಶ ನಾನು ಹೇಳಿದ್ದನ್ನು ಬರೆದದ್ದು ಅಷ್ಟೇ, ಅವನಿಗೆ ಏನೂ ಹೇಳ್ಬೇಡ' ಅಂತಿದ್ರು. ಸಾಯುವ ವಾರವೂ ಹೇಳಿದ್ರು."

ನಾನು ಇದ್ದಿಲನ್ನು ಗುಂಡಿಗೆ ವಾಪಸು ಹಾಕಿ ಮಣ್ಣು ಎಳೆದೆ.

"ಅಕ್ಕ, ಊರಿಗೆ ಬಂದು ಎಲ್ಲರ ಎದುರು ಹೇಳ್ತೇನೆ" ಎಂದೆ ಕೊನೆಗೆ.

"ಬೇಡ. ನಿನ್ನ ಬಾಯಿಮಾತು ನನಗೆ ಬೇಡ" ಎಂದಳು ಅಕ್ಕ. "ನೀನು ಮಾಡಿದ್ದು ಕಾಗದದಲ್ಲಿ ಅಲ್ವಾ? ಕಾಗದದಲ್ಲೇ ಬರೆ. ಹೆಸರು ಹಾಕಿ ಬರೆ."

ಬರೆದಿದ್ದೇನೆ. ಏಳನೆಯ ಕಂಬದಿಂದ ಹನ್ನೊಂದನೆಯ ಕಂಬದವರೆಗೆ ಗಡಿ ಅಳೆದವರು ವಿಶ್ವನಾಥ, ನನ್ನ ಭಾವ. ಅವರು ಅಳೆದ ಜಾಗ ಸರಿ. ಅದನ್ನು ಸರಿಸಿ ಬರೆದವನು ದಿನೇಶ.